ಮೊಸ್ಕಿಟೊ ಬ್ರೋಕರ್: ನಾಲ್ಕೈದು ಡಿವೈಸ್‌ಗಳದ್ದು ಮಾತ್ರ ಡಿಬಗ್ ಲಾಗ್ ಹಿಡಿಯೋದು ಹೇಗೆ?

ಟೊಮೆಟೊ_ಸರ್ವರ್ (ಕೋಲಾರ)

ಎಲ್ಲರಿಗೂ ನಮಸ್ಕಾರ. ಪಂಪ್‌ಸೆಟ್ ಕಂಟ್ರೋಲರ್ ಮಾಡುವ ಸಣ್ಣ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಶ್ರೀನಿವಾಸಪುರ, ಮುಳಬಾಗಿಲು, ಬಂಗಾರಪೇಟೆ ಸುತ್ತಮುತ್ತಲ ತೋಟಗಳಲ್ಲಿ ನಮ್ಮ ಡಬ್ಬಿಗಳು ಸುಮಾರು ಮೂರು ಸಾವಿರ ಇವೆ. ಸ್ಟಾರ್ಟರ್ ಪಕ್ಕ ಡಬ್ಬಿ, ಒಳಗೆ 2ಜಿ ಸಿಮ್. ಎಲ್ಲವೂ ಎಂಕ್ಯೂಟಿಟಿಯಲ್ಲಿ (ಡಿವೈಸ್‌ಗಳ ಮೆಸೇಜ್ ಪ್ರೊಟೊಕಾಲ್) ಬಂದು ಒಂದೇ ಮೊಸ್ಕಿಟೊ 2.0 ಬ್ರೋಕರ್‌ಗೆ, ಅಂದರೆ ಮೆಸೇಜ್ ಹಂಚುವ ಸರ್ವರ್‌ಗೆ, ಸೇರುತ್ತವೆ. ಟಿಎಲ್‌ಎಸ್ (ಎನ್‌ಕ್ರಿಪ್ಷನ್) ಇದೆ, ಪೋರ್ಟ್ 8883.

ತೊಂದರೆ ಇರೋದು ನಾಲ್ಕೈದು ಡಬ್ಬಿಗಳಲ್ಲಿ ಮಾತ್ರ. ಎಲ್ಲವೂ ಮುಳಬಾಗಿಲು ಕಡೆಯವು. ರೈತರು ಆ್ಯಪ್‌ನಲ್ಲಿ ಮೋಟಾರ್ ಆನ್ ಒತ್ತುತ್ತಾರೆ. ಮೋಟಾರ್ ಓಡುತ್ತದೆ, ಆದರೆ ಆ್ಯಪ್‌ನಲ್ಲಿ ಇನ್ನೂ ಆಫ್ ಅಂತಲೇ ಇರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ತಾನೇ ಸರಿಹೋಗುತ್ತದೆ. "ಏನಪ್ಪಾ, ನೀರು ಬರ್ತೈತೆ, ನಿನ್ನ ಫೋನು ಮಾತ್ರ ಆಫು ಅಂತೈತೆ" ಅಂತ ದಿನಾ ಬೈಗುಳ.

ಪ್ರತಿ ಪ್ಯಾಕೆಟ್ಟನ್ನೂ ಬರೆದಿಡುವ ಡಿಬಗ್ ಲಾಗ್ ಹಾಕಿದೆ. ಆ ಹೊತ್ತಿಗೇ ತ್ರೀ ಫೇಸ್ ಬಂತು. ಬ್ಯಾಟರಿ ಇಲ್ಲದ ಡಬ್ಬಿಗಳೆಲ್ಲ ಒಟ್ಟಿಗೇ ಎದ್ದು ಕನೆಕ್ಟ್ ಆಗೋಕೆ ಬಂದವು. ಸರ್ವರ್ ಏದುಸಿರು ಬಿಡೋಕೆ ಶುರು ಮಾಡಿತು, ತಕ್ಷಣ ತೆಗೆದುಬಿಟ್ಟೆ. ಬೇಕಾದ ಡಬ್ಬಿಗಳದ್ದು ಮಾತ್ರ ಪ್ಯಾಕೆಟ್ ಮಟ್ಟದ ಲಾಗ್ ಸಿಗುವ ದಾರಿ ಇದೆಯಾ? ಬ್ರೋಕರ್ ರೀಸ್ಟಾರ್ಟ್ ಮಾಡುವ ಹಾಗಿಲ್ಲ.

ಗ್ರೆಪ್_ಗೌಡ

ಟಿಸಿಪಿಡಂಪ್ (ನೆಟ್‌ವರ್ಕ್ ಪ್ಯಾಕೆಟ್ ಹಿಡಿಯುವ ಟೂಲ್) ಹಾಕು ಗುರು. ಡಬ್ಬಿಯ ಐಪಿ ಕೊಟ್ಟರೆ ಅದರದ್ದು ಮಾತ್ರ ಬರುತ್ತದೆ. ಬ್ರೋಕರ್ ಮುಟ್ಟೋದೇ ಬೇಡ.

ಟೊಮೆಟೊ_ಸರ್ವರ್ (ಕೋಲಾರ)

ಮೊಬೈಲ್ ಸಿಮ್ ಅಲ್ವಾ ಅಣ್ಣ. ಹೊರಗಿನಿಂದ ನೋಡಿದರೆ ನೂರಾರು ಡಬ್ಬಿಗಳಿಗೆ ಒಂದೇ ಐಪಿ. ಮೇಲಾಗಿ ಟಿಎಲ್‌ಎಸ್, ಒಳಗೇನಿದೆ ಕಾಣೋದಿಲ್ಲ.

ಸಿರಾಗೇಟ್_ಶೆಲ್ (ತುಮಕೂರು)

ಮೊದಲು ಕೆಟ್ಟ ಸುದ್ದಿ. ಮೊಸ್ಕಿಟೊದಲ್ಲಿ ಕ್ಲೈಂಟ್ (ಇಲ್ಲಿ ಒಂದೊಂದು ಡಬ್ಬಿ) ಲೆಕ್ಕದಲ್ಲಿ ಲಾಗ್ ಹಾಕುವ ಸೌಲಭ್ಯ ಇಲ್ಲ. ಡಿಬಗ್ ಅಂದರೆ ಎಲ್ಲರದ್ದೂ. ಒಂದು ಮನೆಯ ನಲ್ಲಿ ಸೋರುತ್ತದೆ ಅಂತ ಇಡೀ ಬೀದಿಯ ವಾಲ್ವ್ ಬಿಚ್ಚಿದ ಹಾಗೆ.

ಲೆಕ್ಕ ಹಾಕಿ ನೋಡಿ. ಕೀಪ್‌ಅಲೈವ್ (ಬದುಕಿದ್ದೇನೆ ಅಂತ ಡಬ್ಬಿ ಪಿಂಗ್ ಕಳಿಸುವ ಅಂತರ) 60 ಸೆಕೆಂಡ್ ಅಂದುಕೊಳ್ಳೋಣ. ಮೂರು ಸಾವಿರ ಡಬ್ಬಿ ಅಂದರೆ ಸೆಕೆಂಡಿಗೆ 50 ಪಿಂಗ್. ಬಂದದ್ದಕ್ಕೆ ಒಂದು ಸಾಲು, ಉತ್ತರ ಕೊಟ್ಟದ್ದಕ್ಕೆ ಒಂದು ಸಾಲು. ಬರೀ ಪಿಂಗ್‌ಗೇ ದಿನಕ್ಕೆ 86 ಲಕ್ಷ ಸಾಲು. ಪಬ್ಲಿಶ್ ಲೆಕ್ಕ ಇನ್ನೂ ಹಿಡಿದೇ ಇಲ್ಲ. ಬ್ರೋಕರ್ ಕೆಲಸ ಮಾಡೋದು ಒಂದೇ ಥ್ರೆಡ್‌ನಲ್ಲಿ. ಲಾಗ್ ಬರೆಯೋದೂ ಅದೇ, ಪ್ಯಾಕೆಟ್ ಓದೋದೂ ಅದೇ. ಡಿಸ್ಕ್ ನಿಧಾನ ಆದರೆ ಎಲ್ಲರೂ ಕಾಯಬೇಕು. ಔಟ್‌ಪುಟ್ ಅನ್ನು ಸಾಲು ಸೋಸುವ ಗ್ರೆಪ್‌ಗೆ ಪೈಪ್ ಮಾಡುತ್ತೇನೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆ ಕಡೆ ಓದುವವನು ತಡ ಮಾಡಿದರೆ ಪೈಪ್ ತುಂಬಿ ಬ್ರೋಕರ್ರೇ ನಿಂತುಬಿಡುತ್ತದೆ. ಲಾಗ್ ಅನ್ನು ಟಾಪಿಕ್‌ಗೆ (ಮೆಸೇಜ್ ಹೋಗುವ ವಿಳಾಸ) ಕಳಿಸಿ ಸಬ್‌ಸ್ಕ್ರೈಬ್ ಮಾಡೋದೂ ಆಗದ ಮಾತು, ಡಿಬಗ್ ಸಾಲುಗಳು ಟಾಪಿಕ್‌ಗೆ ಹೋಗೋದೇ ಇಲ್ಲ.

ಸೋಸೋದನ್ನು ಬರೆದ ಮೇಲೆ ಮಾಡಬಾರದು, ಬರೆಯುವ ಮುಂಚೆಯೇ ಮಾಡಬೇಕು. ಅನುಮಾನದ ಡಬ್ಬಿಗಳನ್ನೇ ಬೇರೆ ಕಡೆ ಎಳೆದುಕೊಳ್ಳಿ.

ಅದೇ ಮಷಿನ್‌ನಲ್ಲಿ 8884ರಲ್ಲಿ ಇನ್ನೊಂದು ಮೊಸ್ಕಿಟೊ ಎಬ್ಬಿಸಿ. ಅದೇ ಸರ್ಟಿಫಿಕೇಟ್, ಅದೇ ಪಾಸ್‌ವರ್ಡ್ ಫೈಲ್, ಅದೇ ಎಸಿಎಲ್ (ಯಾರು ಯಾವ ಟಾಪಿಕ್ ಮುಟ್ಟಬಹುದು ಅನ್ನುವ ಪಟ್ಟಿ). ಎಸಿಎಲ್ ಮರೆತರೆ ಕನೆಕ್ಟ್ ಆದವರೆಲ್ಲ ಯಾವ ಟಾಪಿಕ್ ಬೇಕಾದರೂ ಮುಟ್ಟಬಹುದು. ಮೆಸೇಜ್ ದಾಟಿಸೋಕೆ ಹೊಸದರಿಂದ ಹಳೆಯದಕ್ಕೆ ಬ್ರಿಡ್ಜ್ ಕಟ್ಟಿ. ಟಾಪಿಕ್ ಆ ನಾಲ್ಕೈದು ಐಡಿಗಳದ್ದು ಮಾತ್ರ, ಎರಡೂ ದಿಕ್ಕಿಗೆ, ಕ್ಯೂಒಎಸ್ 1 (ತಲುಪಿತು ಅಂತ ಉತ್ತರ ಬೇಡುವ ಮಟ್ಟ). ಹೊಸದರಲ್ಲಿ ಎಲ್ಲಾ ಲಾಗ್ ಟೈಪ್ ತೆರೆದಿಡಿ, ಫೈಲ್ ಬೇರೆ ಡಿಸ್ಕ್‌ನಲ್ಲಿರಲಿ. ನಿಮ್ಮ ಡಬ್ಬಿಗಳಿಗೆ ಎಸ್ಸೆಮ್ಮೆಸ್‌ನಲ್ಲಿ ಪೋರ್ಟ್ ಬದಲಿಸೋಕೆ ಆಗುತ್ತದೆ ಅಲ್ವಾ? ಆ ನಾಲ್ಕಕ್ಕೆ ಮಾತ್ರ ಕಳಿಸಿ. ದೊಡ್ಡ ಬ್ರೋಕರ್‌ಗೆ ಇದರ ಬಿಸಿಯೇ ತಟ್ಟೋದಿಲ್ಲ.

ಇಲ್ಲೊಂದು ಅಪಾಯ ಇದೆ, ಗಮನ ಇಟ್ಟು ಓದಿ. ಡಬ್ಬಿ ಕ್ಲೀನ್ ಸೆಷನ್ (ಹಳೆಯದನ್ನು ಮರೆತು ಹೊಸದಾಗಿ ಶುರು ಮಾಡೋದು) ಇಲ್ಲದೆ ಕನೆಕ್ಟ್ ಆಗುತ್ತಿದ್ದರೆ ಅದರ ಹಳೇ ಸೆಷನ್ ದೊಡ್ಡ ಬ್ರೋಕರ್‌ನಲ್ಲಿ ಹಾಗೇ ಉಳಿದಿರುತ್ತದೆ. ನೀವು ಕಳಿಸುವ ಆನ್, ಆಫ್ ಎಲ್ಲ ಅಲ್ಲಿಯೂ ಕ್ಯೂನಲ್ಲಿ ಸೇರುತ್ತಾ ಹೋಗುತ್ತದೆ, ಡಿಫಾಲ್ಟ್ 1000ದವರೆಗೆ. ಟ್ರೇಸ್ ಮುಗಿದು ಡಬ್ಬಿಯನ್ನು ವಾಪಸ್ ಕಳಿಸಿದ ಕ್ಷಣ ಅಷ್ಟೂ ಕಮಾಂಡ್ ಒಟ್ಟಿಗೇ ಸುರಿಯುತ್ತದೆ. ಆನ್, ಆಫ್, ಆನ್, ಆಫ್. ಮೋಟಾರ್ ಸುಟ್ಟರೆ ರೈತ ನಿಮ್ಮ ಆಫೀಸ್ ಮುಂದೆ ಕೂರುತ್ತಾನೆ. ಅದಕ್ಕೇ ಡಬ್ಬಿ ಹೊಸ ಕಡೆ ಬಂದ ಕೂಡಲೇ, ಅದೇ ಐಡಿ ಹಾಕಿಕೊಂಡು ಮೊಸ್ಕಿಟೊ ಸಬ್ ಟೂಲಿನಿಂದ ಹಳೇ ಬ್ರೋಕರ್‌ಗೆ ಒಮ್ಮೆ ಕನೆಕ್ಟ್ ಆಗಿ ಹೊರಬನ್ನಿ. ಆ ಟೂಲು ಹೇಳದಿದ್ದರೆ ಕ್ಲೀನ್ ಸೆಷನ್ನೇ ಬಳಸುತ್ತದೆ. ಹಳೇ ಸೆಷನ್ ಒರೆಸಿ ಹೋಗುತ್ತದೆ.

ಟಿಸಿಪಿಡಂಪ್ ಪೂರ್ತಿ ದಂಡ ಅಂತಲೂ ಅಲ್ಲ. ಮಾಮೂಲಿ ಲಾಗ್‌ನಲ್ಲಿ ಹೊಸ ಕ್ಲೈಂಟ್ ಬಂತು ಅನ್ನುವ ಸಾಲಿನಲ್ಲಿ ಐಪಿ ಜೊತೆ ಪೋರ್ಟ್ ನಂಬರೂ ಇರುತ್ತದೆ. ಎರಡನ್ನೂ ಕೊಟ್ಟು ಫಿಲ್ಟರ್ ಮಾಡಿದರೆ ಆ ಒಂದು ಕನೆಕ್ಷನ್ ಸಿಗುತ್ತದೆ. ಒಳಗಿನದ್ದು ಕಾಣದಿದ್ದರೂ ಲೈನ್ ಮುಚ್ಚಿದ್ದು ಯಾರು, ಅವರಾ ನಾವಾ, ಗೊತ್ತಾಗುತ್ತದೆ. ಮತ್ತೆ ಕನೆಕ್ಟ್ ಆದರೆ ಪೋರ್ಟ್ ಬದಲಾಗುತ್ತದೆ, ಅಷ್ಟೇ ಕಿರಿಕಿರಿ.

ಚಿಂತಾಮಣಿ_ಕ್ಯೂ

ಇಷ್ಟೆಲ್ಲ ಸರ್ಕಸ್ ಯಾಕೆ? ಇಎಂಕ್ಯೂಎಕ್ಸ್ (ಇನ್ನೊಂದು ಬ್ರೋಕರ್) ಹಾಕಿ. ಡ್ಯಾಶ್‌ಬೋರ್ಡ್‌ನಲ್ಲೇ ಕ್ಲೈಂಟ್ ಐಡಿ, ಟಾಪಿಕ್, ಇಲ್ಲಾ ಐಪಿ ಕೊಟ್ಟು ಟ್ರೇಸ್ ಶುರು ಮಾಡಬಹುದು. ಯಾವಾಗ ನಿಲ್ಲಬೇಕು ಅಂತಲೂ ಹೇಳಬಹುದು.

ಸಿರಾಗೇಟ್_ಶೆಲ್ (ತುಮಕೂರು)

ನಿಜ, ಆ ವಿಷಯದಲ್ಲಿ ಅದು ಚೆನ್ನಾಗಿದೆ. ಹೊಸದಾಗಿ ಕಟ್ಟುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನಾಲ್ಕು ಡಬ್ಬಿಯ ಕಾಯಿಲೆ ನೋಡೋಕೆ ಮೂರು ಸಾವಿರ ಡಬ್ಬಿಯನ್ನು ಬೇರೆ ಬ್ರೋಕರ್‌ಗೆ ಸಾಗಿಸುತ್ತೀರಾ?

ಇನ್ನೊಂದು ಮಾತು. ದೊಡ್ಡ ಬ್ರೋಕರ್‌ನಲ್ಲಿ ಲಾಗ್ ಟೈಪ್ ಬದಲಿಸಲೇಬೇಕು ಅಂದರೆ ರೀಸ್ಟಾರ್ಟ್ ಬೇಡ. ಕಾನ್ಫಿಗ್ ತಿದ್ದಿ ಹಪ್ ಸಿಗ್ನಲ್ (ಕಾನ್ಫಿಗ್ ಮತ್ತೆ ಓದು ಅನ್ನುವ ಸೂಚನೆ) ಕಳಿಸಿದರೆ ಸಾಕು, ಕನೆಕ್ಷನ್ ಒಂದೂ ಬೀಳೋದಿಲ್ಲ. ಶುರು ಮಾಡುವಾಗಲೇ ವಾಪಸ್ ತೆಗೆಯೋದನ್ನೂ ಅಟ್ ಕಮಾಂಡ್‌ನಲ್ಲಿ ಟೈಮ್ ಕೊಟ್ಟು ಹಾಕಿಡಿ. ಡಿಬಗ್ ತೆಗೆಯೋಕೆ ಮರೆತ ಸರ್ವರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಟೊಮೆಟೊ_ಸರ್ವರ್ (ಕೋಲಾರ)

ಅಣ್ಣ, ಸಿಕ್ಕಿತು! ನೀವು ಹೇಳಿದ ಹಾಗೆ 8884ಕ್ಕೆ ಎಳೆದುಕೊಂಡೆ. ಲಾಗ್ ಎಷ್ಟು ಚಿಕ್ಕದು ಅಂದರೆ ಬರಿಗಣ್ಣಲ್ಲೇ ಓದಬಹುದು.

ನಡೆದದ್ದು ಇಷ್ಟು. ಆನ್ ಕಮಾಂಡ್ ಬ್ರೋಕರ್‌ನಿಂದ ಹೊರಟಿದೆ, ಸಾಲಿನಲ್ಲಿ ಡಿ0 (ಮೊದಲ ಸಲ ಕಳಿಸಿದ್ದು), ಕ್ಯೂ1 (ಕ್ಯೂಒಎಸ್ 1) ಅಂತಿದೆ. ತಲುಪಿತು ಅನ್ನುವ ಉತ್ತರ, ಪಬ್‌ಆ್ಯಕ್, ಬರಲೇ ಇಲ್ಲ. ಪಿಂಗ್ ಕೂಡ ಇಲ್ಲ. ಮುಕ್ಕಾಲು ನಿಮಿಷದ ಹೊತ್ತಿಗೆ ಅದೇ ಐಡಿಯಿಂದ ಹೊಸ ಕನೆಕ್ಟ್. ಹಳೇ ಕನೆಕ್ಷನ್ ಇನ್ನೂ ಇದೆ, ಅದನ್ನು ಮುಚ್ಚುತ್ತಿದ್ದೇನೆ ಅಂತ ಬ್ರೋಕರ್ ಬರೆದಿದೆ. ಕೀಪ್‌ಅಲೈವ್ 60, ಅಂದರೆ ಬ್ರೋಕರ್ ಅದರ ಒಂದೂವರೆ ಪಟ್ಟು, 90 ಸೆಕೆಂಡ್ ಕಾಯಬೇಕು. ಅಷ್ಟರೊಳಗೇ ಡಬ್ಬಿ ವಾಪಸ್ ಬಂದಿದೆ. ಹಾಗಾಗಿ ಟೈಮ್‌ಔಟ್ ಸಾಲೇ ಇಲ್ಲ. ಆಮೇಲೆ ಅದೇ ಕಮಾಂಡ್ ಮತ್ತೆ ಹೊರಟಿದೆ, ಈ ಸಲ ಡಿ1 (ಮತ್ತೆ ಕಳಿಸಿದ್ದು). ಈಗ ಪಬ್‌ಆ್ಯಕ್ ಬಂತು, ಆ್ಯಪ್ ಆನ್ ತೋರಿಸಿತು.

ಅಂದರೆ ಮೋಟಾರ್ ಎದ್ದ ಕ್ಷಣವೇ ಡಬ್ಬಿ ಸತ್ತು ಹುಟ್ಟುತ್ತಿದೆ. ನಮ್ಮ ಎಲೆಕ್ಟ್ರಾನಿಕ್ಸ್ ಹುಡುಗನಿಗೆ ತೋರಿಸಿದೆ. ಆ ತೋಟಗಳಲ್ಲೆಲ್ಲ ಸಾವಿರ ಅಡಿ ದಾಟಿದ ಬೋರು, ದೊಡ್ಡ ಮೋಟಾರು, ಲೈನಿನ ಕೊನೆ. ಸ್ಟಾರ್ಟ್ ಆಗುವಾಗ ವೋಲ್ಟೇಜ್ ಕುಸಿಯುತ್ತದೆ. 2ಜಿ ಮೋಡೆಮ್ ಸಿಗ್ನಲ್ ಬಿಡುವಾಗ ಕ್ಷಣಕಾಲ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಎರಡೂ ಒಟ್ಟಿಗೇ ಆದರೆ ರೀಸೆಟ್. ಒಂದು ಡಬ್ಬಿಗೆ ಮೋಡೆಮ್ ಪಕ್ಕ ದೊಡ್ಡ ಕೆಪಾಸಿಟರ್ ಹಾಕಿ ಕೂರಿಸಿದ್ದೇವೆ. ಅದರ ಲಾಗ್‌ನಲ್ಲಿ ಡಿ1 ಮತ್ತೆ ಬಂದಿಲ್ಲ. ಉಳಿದವು ಈ ವಾರ.

ಗ್ರೆಪ್_ಗೌಡ

ಸಖತ್! ಆ ಲಾಗ್ ಇಲ್ಲಿ ಹಾಕು ಗುರು, ಕಲಿಯೋರಿಗೆ ಉಪಯೋಗ ಆಗುತ್ತದೆ.

ಟೊಮೆಟೊ_ಸರ್ವರ್ (ಕೋಲಾರ)

ಹಾಕ್ತೀನಿ ಅಣ್ಣ, ಸ್ವಲ್ಪ ತಡೀರಿ. ಮೆಸೇಜ್ ಒಳಗಿನದ್ದು ಅದರಲ್ಲಿ ಬರೋದಿಲ್ಲ, ಟಾಪಿಕ್ ಮತ್ತು ಎಷ್ಟು ಬೈಟ್ ಅಂತ ಮಾತ್ರ. ಆದರೆ ಕನೆಕ್ಟ್ ಸಾಲಿನಲ್ಲಿ ಯೂಸರ್‌ನೇಮ್ ಇರುತ್ತದೆ, ನಮ್ಮಲ್ಲಿ ಅದು ರೈತರ ಮೊಬೈಲ್ ನಂಬರ್. ಅದನ್ನೆಲ್ಲ ಅಳಿಸಿ ಹಾಕುತ್ತೇನೆ.