ಸಹಾಯ ಬೇಕು: ಹಳೆ ನಾಡದೋಣಿಗೆ ಯಾವ ಔಟ್‌ಬೋರ್ಡ್ ಇಂಜಿನ್?

ನಮಸ್ಕಾರ, ನಾನು ಮರವಂತೆ ಕಡೆಯವನು. ಅಪ್ಪಯ್ಯನ ಕಾಲದ ನಾಡದೋಣಿ ಇದೆ. 24 ಅಡಿ, ಮರದ್ದು, ಮೇಲೆ ಫೈಬರ್ ಹೊದೆಸಿದ್ದೇವೆ. ಬಲೆ ಬಿಡಲು ಮೂರು ಜನ ಹೋಗುತ್ತೇವೆ. ದೋಣಿಯ ಹಿಂದೆ ಹೊರಗಡೆ ಸಿಕ್ಕಿಸುವ ಹಳೆ ಸೀಮೆಎಣ್ಣೆ ಇಂಜಿನ್ ಈ ಸಲ ಪೂರ್ತಿ ಕೈಕೊಟ್ಟಿತು. ಕೊನೆಯ ದಿನ ಹುಟ್ಟು ಹಾಕಿಕೊಂಡೇ ದಡ ಸೇರಿದ್ದು!

ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ರಿಂದ ಜುಲೈ 31ರವರೆಗೆ 10 ಎಚ್‌ಪಿಗಿಂತ ಜಾಸ್ತಿ ಇಂಜಿನ್ ಹಾಕುವಂತಿಲ್ಲ. ನಮಗೆ ಮಳೆಗಾಲದ ಸಿಗಡಿಯೇ ಮುಖ್ಯ. ಹಾಗಾಗಿ 9.9 ಎಚ್‌ಪಿ ಅಂತ ತೀರ್ಮಾನ ಆಗಿದೆ. ದಯವಿಟ್ಟು 15 ತಗೊಳ್ಳಿ ಅನ್ನಬೇಡಿ, ಹಳೆ ಹಲಗೆ ಅಷ್ಟು ಎಳೆತ ತಡೆಯುವುದೂ ಅನುಮಾನ.

ಸೀಮೆಎಣ್ಣೆಯದ್ದು ಒಳ್ಳೆಯದೋ, ಪೆಟ್ರೋಲಿನ ಫೋರ್ ಸ್ಟ್ರೋಕೋ? ಸಬ್ಸಿಡಿ ಸೀಮೆಎಣ್ಣೆ ಬೇಕಾದಾಗ ಸಿಗುವುದಿಲ್ಲ, ಪ್ಲಗ್ ಬೇರೆ ಮಸಿ ಹಿಡಿಯುತ್ತದೆ. ಫೋರ್ ಸ್ಟ್ರೋಕ್ ಕಮ್ಮಿ ಕುಡಿಯುತ್ತದೆ, ಆದರೆ ತೂಕ ಜಾಸ್ತಿ. ಮರಳಿನ ಮೇಲೆ ಹೊತ್ತು ತರುವವರು ನಾವೇ ಅಲ್ವಾ?

ಇನ್ನು ಶಾಫ್ಟ್, ಅಂದರೆ ಇಂಜಿನ್‌ನಿಂದ ನೀರಿನೊಳಗಿನ ಫ್ಯಾನ್‌ವರೆಗೆ ಇಳಿಯುವ ಕಾಲು. ಇಂಜಿನ್ ಕೂರುವ ಹಲಗೆಯ ಮೇಲಿಂದ ದೋಣಿಯ ತಳಕ್ಕೆ 18 ಇಂಚು. 15 ಇಂಚಿನ ಶಾಫ್ಟ್ ಹಾಕಿದರೆ, ಅಲೆಗೆ ಹಿಂಭಾಗ ಎದ್ದಾಗ ಫ್ಯಾನ್ ಗಾಳಿ ಹಿಡಿಯುತ್ತದೆ. 20 ಇಂಚಿನದಕ್ಕೆ ಹಲಗೆಯನ್ನೇ ಎರಡು ಇಂಚು ಎತ್ತರಿಸಿದರೆ ಗಟ್ಟಿ ನಿಲ್ಲುತ್ತದಾ? ಇಂಥದ್ದೇ ಹಳೆ ದೋಣಿಗೆ ಹಾಕಿಸಿದವರು ಹೇಳಿ. ಫೋಟೋ ಬೇಕಾದರೆ ಹಾಕುತ್ತೇನೆ.