ಮುದಿ ಕುದುರೆಯ ಹೊಟ್ಟೆಯಲ್ಲಿ ಕೊಬ್ಬಿನ ಗಡ್ಡೆ?

ಪ್ರಶ್ನೆ (ಕಾರವಾರ):
ನಮ್ಮ ಕುದುರೆಗೆ 21 ವರ್ಷ, ಬೀಜ ತೆಗೆಸಿದ ಗಂಡು. ಮೊದಲು ಬೀಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತಿತ್ತು, ಈಗ ಸುಮ್ನೆ ತೋಟದಲ್ಲಿ ಮೇಯುತ್ತದೆ. ಕಳೆದ ವಾರ ಹೊಟ್ಟೆನೋವು ಬಂದು ನೆಲ ಕೆರೆಯುತ್ತಾ, ತಿರುಗಿ ತಿರುಗಿ ಪಕ್ಕೆ ನೋಡುತ್ತಿತ್ತು. ಇಂಜೆಕ್ಷನ್‌ಗೆ ಇಳಿಯಿತು. ಆದರೆ ಡಾಕ್ಟರು "ವಯಸ್ಸಾಗಿದೆ, ಒಳಗೆ ಕೊಬ್ಬಿನ ಗಡ್ಡೆ ಇದ್ದರೂ ಇರಬಹುದು" ಅಂದರು. ಪಕ್ಕೆಲುಬು ಎಣಿಸಬಹುದು, ಇದಕ್ಕೆಲ್ಲಿಯ ಕೊಬ್ಬು ಮಾರಾಯ್ರೆ? ಕ್ಯಾನ್ಸರಾ?

ಉತ್ತರ (ಶಿರಸಿ, ಪಶುವೈದ್ಯ):
ಡಾಕ್ಟರು ಹೇಳಿದ್ದು ಕ್ಯಾನ್ಸರ್ ಅಲ್ಲ, ಲೈಪೋಮಾ ಅನ್ನುವ ಕೊಬ್ಬಿನ ಗಡ್ಡೆ. ಕರುಳನ್ನು ಹಿಡಿದಿರುವ ಪೊರೆಯಲ್ಲಿ ಬೆಳೆಯುತ್ತದೆ, ಬಡಕಲು ಕುದುರೆಗೂ ಬರುತ್ತದೆ. ಸುಮ್ಮನಿದ್ದರೆ ತೊಂದರೆಯಿಲ್ಲ. ಕೆಲವಕ್ಕೆ ಉದ್ದ ತೊಟ್ಟು ಬರುತ್ತದೆ, ಅದೇ ಅಪಾಯ. ತೊಟ್ಟು ಹಗ್ಗದ ಹಾಗೆ ಸಣ್ಣ ಕರುಳಿಗೆ ಸುತ್ತಿ ಬಿಗಿದರೆ ರಕ್ತ ನಿಂತು ಆ ಭಾಗ ಸಾಯುತ್ತದೆ. 15 ದಾಟಿದವುಗಳಲ್ಲಿ, ಅದರಲ್ಲೂ ಬೀಜ ತೆಗೆಸಿದ ಗಂಡುಗಳಲ್ಲಿ ಜಾಸ್ತಿ. ಆಗ ಆಪರೇಷನ್ ಒಂದೇ ದಾರಿ: ತೊಟ್ಟು ಕತ್ತರಿಸಿ, ಸತ್ತ ಕರುಳು ತೆಗೆದು ಜೋಡಿಸಬೇಕು. ಹೊಟ್ಟೆ ತೆರೆಯುವವರೆಗೆ ಗಡ್ಡೆ ಖಚಿತವಾಗುವುದು ಅಪರೂಪ. ನಿಮ್ಮದು ಇಂಜೆಕ್ಷನ್‌ಗೇ ಇಳಿದಿದೆ, ಈ ಸಲ ಕರುಳು ಬಿಗಿದಿರಲಿಕ್ಕಿಲ್ಲ.

ಉತ್ತರ (ಅಂಕೋಲಾ):
ನಮ್ಮ ಕಡೆ ಗೊಟ್ಟದಲ್ಲಿ (ಬಾಯಿಗೆ ಔಷಧಿ ಹೊಯ್ಯುವ ಬಿದಿರಿನ ಕೊಳವೆ) ಎಣ್ಣೆ ಹೊಯ್ಯುತ್ತಾರೆ. ಆಗಬಹುದಾ?

ಉತ್ತರ (ಶಿರಸಿ, ಪಶುವೈದ್ಯ):
ಬೇಡವೇ ಬೇಡ! ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ ಅಲ್ವಾ, ತುಂಬಿದ ಹೊಟ್ಟೆ ಒಡೆದೀತು. ಎಣ್ಣೆ ಶ್ವಾಸಕೋಶಕ್ಕೂ ಹೋಗಬಹುದು. ಅದರ ಬದಲು ನಾಡಿ ಎಣಿಸಿ. ನಿಮಿಷಕ್ಕೆ 28ರಿಂದ 44 ಸರಿ. 60 ದಾಟಿ ಇಳಿಯದಿದ್ದರೆ, ಒಸಡು ಕೆಂಪು-ನೀಲಿಗೆ ತಿರುಗಿದರೆ, ಇಂಜೆಕ್ಷನ್ ಕೊಟ್ಟರೂ ನೋವು ಮರಳಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ ಕೇಳಿದವರು:
ನಾಡಿ ಎಲ್ಲಿ ಸಿಗುತ್ತದೆ?

ಉತ್ತರ (ಶಿರಸಿ, ಪಶುವೈದ್ಯ):
ಕೆಳದವಡೆಯ ಅಂಚಿನ ಒಳಬದಿಗೆ ಬೆರಳಿಡಿ, ನರದ ಹಾಗೆ ಉರುಳುತ್ತದೆ. ಆರಾಮಾಗಿರುವಾಗಲೇ ಅಭ್ಯಾಸ ಮಾಡಿಕೊಳ್ಳಿ.