1999ರ ಮಿಯಾಟಾಗೆ ಟರ್ಬೊ: 2554, 2560, 2860, ಯಾವುದು ಸರಿ?

ನೋವಿ_ಎನ್‌ಬಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1999ರ ಮಜ್ದಾ ಮಿಯಾಟಾ (ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು) ಇದೆ. 1.8 ಲೀಟರ್, 5 ಗೇರ್, ಎಂಜಿನ್ ಒಳಗೆ ಯಾರೂ ಕೈ ಹಾಕಿಲ್ಲ. ಮನೆ ಮಿಶಿಗನ್‌ನ ನೋವಿಯಲ್ಲಿ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ಕಾರು ಗ್ಯಾರೇಜಿನಲ್ಲೇ ಇರುತ್ತದೆ. ಆ ಸಮಯದಲ್ಲಿ ಟರ್ಬೊ (ಎಕ್ಸಾಸ್ಟ್ ಹೊಗೆಯಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು) ಕೂರಿಸೋಣ ಅಂತ ಯೋಚನೆ.

ವಾರದಲ್ಲಿ ಎರಡು ಮೂರು ದಿನ ಆಫೀಸಿಗೆ ಇದರಲ್ಲೇ ಹೋಗುತ್ತೇನೆ. ಬೇಸಿಗೆಯಲ್ಲಿ ಆಗಾಗ ವಾಟರ್‌ಫರ್ಡ್ ಹಿಲ್ಸ್ ಟ್ರ್ಯಾಕ್, ಪುಣ್ಯ ಇದ್ದರೆ ಜಿಂಜರ್‌ಮ್ಯಾನ್. ಚಕ್ರದ ಹತ್ತಿರ 220 ಎಚ್‌ಪಿ ಸಿಕ್ಕರೆ ಸಾಕು. ಪೆಟ್ರೋಲ್ 93 ಆಕ್ಟೇನ್.

ಗ್ಯಾರೆಟ್‌ನ ಮೂರು ಟರ್ಬೊ ನೋಡಿಟ್ಟಿದ್ದೇನೆ: ಜಿಟಿ2554ಆರ್, ಜಿಟಿ2560ಆರ್, ಜಿಟಿ2860ಆರ್‌ಎಸ್. ಗೆಳೆಯ ಚಿಕ್ಕದು ಹಾಕು, ಕಾಲಿಟ್ಟ ಕೂಡಲೇ ಎಳೆಯುತ್ತೆ ಅನ್ನುತ್ತಾನೆ. ಶಾಪಿನವರು 2860 ಹಾಕಿಸಿ, ನಾಳೆ ಜಾಸ್ತಿ ಪವರ್ ಬೇಕು ಅನಿಸಿದರೆ ಮತ್ತೆ ಖರ್ಚಿಲ್ಲ ಅನ್ನುತ್ತಾರೆ. ತಲೆ ಕೆಟ್ಟಿದೆ. ಹಾಕಿ ಓಡಿಸಿದವರು ಹೇಳಿ.

ಕಂಪ್ರೆಸರ್_ಭಟ್ಟ

ನೋವಿಯವರೇ, ಪ್ರಶ್ನೆ ಸರಿಯಾಗಿ ಕೇಳಿದ್ದೀರಿ. ಎಷ್ಟು ಪವರ್, ಯಾವ ಪೆಟ್ರೋಲ್, ಎಲ್ಲಿ ಓಡಿಸ್ತೀರಿ, ಎಲ್ಲ ಇದೆ. ಮುಕ್ಕಾಲು ಪಾಲು ಜನ 'ಬೆಸ್ಟ್ ಟರ್ಬೊ ಯಾವುದು' ಅಂತ ಒಂದು ಸಾಲು ಹಾಕಿ ಮಾಯ ಆಗಿಬಿಡ್ತಾರೆ.

ನನ್ನ ಹೊಟ್ಟೆಪಾಡು ಟ್ರಕ್ಕಿನ ಡೀಸೆಲ್ ಎಂಜಿನ್‌ಗಳ ಟರ್ಬೊ ಕ್ಯಾಲಿಬ್ರೇಷನ್. ಮನೆಯಲ್ಲಿ 1994ರ ಮಿಯಾಟಾ ಇದೆ, ಅದರಲ್ಲಿ 2560 ಇದೆ. ಆದರೆ ನನ್ನ ಮಾತು ನಂಬಬೇಡಿ, ಲೆಕ್ಕ ನಂಬಿ.

ನಿಮ್ಮ ಎಂಜಿನ್ 1.84 ಲೀಟರ್. ನಾಲ್ಕು ಸ್ಟ್ರೋಕಿನದು, ಅಂದರೆ ಎರಡು ಸುತ್ತಿಗೆ ಒಂದು ಸಲ ಗಾಳಿ ತುಂಬಿಕೊಳ್ಳುತ್ತೆ. 7000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3500 ಸಲ. ಪೂರ್ತಿ ತುಂಬಲ್ಲ, 90% ಅಂತ ಇಟ್ಟುಕೊಳ್ಳಿ. ಸುಮಾರು 5800 ಲೀಟರ್ ಗಾಳಿ ಆಯಿತು. ತೂಕದಲ್ಲಿ 7 ಕೆಜಿ, ಪೌಂಡ್ ಲೆಕ್ಕದಲ್ಲಿ 15 ಚಿಲ್ಲರೆ. ಪೆಟ್ರೋಲ್ ಎಂಜಿನ್ನಿಗೆ ನಿಮಿಷಕ್ಕೆ ಒಂದು ಪೌಂಡ್ ಗಾಳಿ ಅಂದರೆ ಸುಮಾರು 10 ಎಚ್‌ಪಿ. ಹಾಗಾದರೆ 150. ಮಜ್ದಾ ಹೇಳಿದ್ದು 140. ಲೆಕ್ಕ ದಾರಿ ತಪ್ಪಿಲ್ಲ ಅಲ್ವಾ?

ನಿಮಗೆ ಚಕ್ರದಲ್ಲಿ 220 ಬೇಕು. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ತಿನ್ನೋದನ್ನು ಸೇರಿಸಿದರೆ ಎಂಜಿನ್ 255 ಕೊಡಬೇಕು. ಅಂದರೆ ನಿಮಿಷಕ್ಕೆ 25ರಿಂದ 26 ಪೌಂಡ್ ಗಾಳಿ. ಒಳ್ಳೆ ಇಂಟರ್‌ಕೂಲರ್ (ಟರ್ಬೊದಿಂದ ಬರೋ ಬಿಸಿ ಗಾಳಿ ತಣಿಸೋ ರೇಡಿಯೇಟರ್) ಇದ್ದರೆ 11-12 ಪಿಎಸ್‌ಐ ಬೂಸ್ಟ್‌ನಲ್ಲಿ, ಅಂದರೆ ಟರ್ಬೊ ಕೊಡೋ ಹೆಚ್ಚುವರಿ ಒತ್ತಡದಲ್ಲಿ, ಇದು ಸಿಗುತ್ತೆ.

ಈಗ ಟರ್ಬೊ ನೋಡಿ. 2554ಕ್ಕೆ ಗ್ಯಾರೆಟ್ ಕೊಟ್ಟಿರೋ ಮಿತಿ 270 ಎಚ್‌ಪಿ, 2560ಕ್ಕೆ 330, 2860ಆರ್‌ಎಸ್‌ಗೆ 360. ಇವೆಲ್ಲ ಎಂಜಿನ್ನಿನ ಎಚ್‌ಪಿ, ಚಕ್ರದ್ದಲ್ಲ. ಜನ ಇದನ್ನು ಓದೋದೇ ಇಲ್ಲ. ನಿಮ್ಮ 255ಕ್ಕೆ 2554 ಹಾಕಿದರೆ ಅದು ತನ್ನ ಮ್ಯಾಪಿನ (ಎಷ್ಟು ಗಾಳಿಯನ್ನು ಎಷ್ಟು ಚೆನ್ನಾಗಿ ತಳ್ಳುತ್ತೆ ಅಂತ ತೋರಿಸೋ ನಕ್ಷೆ) ಬಲ ಅಂಚಿನಲ್ಲಿ ಏದುಸಿರು ಬಿಡುತ್ತೆ. ಅಲ್ಲಿ ಕಂಪ್ರೆಸರ್ (ಟರ್ಬೊದಲ್ಲಿ ಗಾಳಿ ಒತ್ತೋ ಭಾಗ) ಗಾಳಿ ತಳ್ಳೋದಕ್ಕಿಂತ ಕಾಯಿಸೋದೇ ಜಾಸ್ತಿ. ಬಿಸಿ ಗಾಳಿ ಅಂದರೆ ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿ ಸಿಡಿಯೋದು), ನಾಕಿಂಗ್ ಅಂದರೆ ಕಿಡಿಯ ಟೈಮಿಂಗ್ ಹಿಂದೆ ಸರಿಸಬೇಕು, ಇದ್ದ ಪವರೂ ಹೋಯಿತು. ಆಫೀಸಿಗೆ ಹೋಗುವಾಗ ಗೊತ್ತಾಗಲ್ಲ. ಟ್ರ್ಯಾಕಿನಲ್ಲಿ ಜುಲೈ ತಿಂಗಳು ಇಪ್ಪತ್ತು ನಿಮಿಷ ಓಡಿಸಿದರೆ ಗೊತ್ತಾಗುತ್ತೆ.

ಚಿಕ್ಕ ಟರ್ಬೊದ ಇನ್ನೊಂದು ತೊಂದರೆ ಬಗ್ಗೆ ಯಾರೂ ಮಾತಾಡಲ್ಲ. ನಿಮ್ಮ ಎಂಜಿನ್ನಿನ ಕನೆಕ್ಟಿಂಗ್ ರಾಡ್‌ಗಳು (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸೋ ಕಂಬಿಗಳು) ತೆಳು. ಅವುಗಳನ್ನು ಬಗ್ಗಿಸೋದು ಎಚ್‌ಪಿ ಅಲ್ಲ, ಟಾರ್ಕ್ (ತಿರುಗಿಸೋ ಬಲ). ಅದೂ ಕಡಿಮೆ ಆರ್‌ಪಿಎಂನಲ್ಲಿ, ಸಿಲಿಂಡರ್ ಒತ್ತಡ ಗರಿಷ್ಠ ಇದ್ದಾಗ ಬರೋ ಟಾರ್ಕ್. 3000ಕ್ಕೇ ಪೂರ್ತಿ ಬೂಸ್ಟ್ ಕೊಡೋ ಟರ್ಬೊ ಓಡಿಸೋಕೆ ಮಜಾ, ರಾಡ್‌ಗೆ ಸಜೆ. ಅದೇ 220 ಎಚ್‌ಪಿಯನ್ನು ಸ್ವಲ್ಪ ಮೇಲಿನ ಆರ್‌ಪಿಎಂನಲ್ಲಿ ತೆಗೆದರೆ ಟಾರ್ಕ್ ಕಡಿಮೆ ಸಾಕು. ಚಕ್ರದಲ್ಲಿ 200 ಪೌಂಡ್-ಅಡಿ ದಾಟದ ಹಾಗೆ ಟ್ಯೂನ್ ಮಾಡಿಸಿ. ನಿಮ್ಮ 5 ಗೇರಿನ ಡಬ್ಬಿ ಬೇರೆ ಇದೆ. ಅಂಟೋ ಟೈರ್ ಹಾಕಿ ಟ್ರ್ಯಾಕಿಗೆ ಇಳಿದರೆ ರಾಡ್‌ಗಿಂತ ಮೊದಲು ಅದೇ ಹೋಗಬಹುದು.

ಇನ್ನು ಶಾಪಿನವರ ಮಾತು. ಅದು ಬೆಳೆಯೋ ಹುಡುಗನಿಗೆ ಎರಡು ಸೈಜ್ ದೊಡ್ಡ ಯೂನಿಫಾರ್ಮ್ ಹೊಲಿಸಿದ ಹಾಗೆ. ಹುಡುಗ ಬೆಳೀತಾನೆ ಸರಿ, ನಿಮ್ಮ ರಾಡ್ ಬೆಳೆಯುತ್ತಾ? 2860ರ 360 ಎಚ್‌ಪಿ ಬಳಸಬೇಕಾದರೆ ರಾಡ್, ಪಿಸ್ಟನ್, ಗೇರ್‌ಬಾಕ್ಸ್ ಎಲ್ಲ ಬದಲಾಗಬೇಕು. ಆವತ್ತು ಟರ್ಬೊ ಬದಲಿಸೋ ಖರ್ಚು ಬಿಲ್ಲಿನಲ್ಲಿ ಕಾಣಿಸೋದೂ ಇಲ್ಲ.

2860 ಕೆಟ್ಟದ್ದು ಅಂತಲ್ಲ. 2560, 2860 ಎರಡರಲ್ಲೂ ಕಂಪ್ರೆಸರ್ ಚಕ್ರ 60 ಮಿಲಿಮೀಟರೇ, ಹೆಸರಿನ ಕೊನೆಯ ಎರಡು ಅಂಕಿ ಹೇಳೋದು ಅದನ್ನೇ. ವ್ಯತ್ಯಾಸ ಜಾಸ್ತಿ ಇರೋದು ಎಕ್ಸಾಸ್ಟ್ ಕಡೆ. 2860ರ ಟರ್ಬೈನ್, ಅಂದರೆ ಎಕ್ಸಾಸ್ಟ್ ಹೊಗೆಯಿಂದ ತಿರುಗೋ ಚಕ್ರ, ದೊಡ್ಡದು. ಮೇಲೆ ಸರಾಗ ಉಸಿರಾಡುತ್ತೆ, ಕೆಳಗೆ ತಡವಾಗಿ ಏಳುತ್ತೆ. ಹಾಕೋದೇ ಆದರೆ 0.64 ಹೌಸಿಂಗ್ (ಟರ್ಬೈನ್ ಸುತ್ತಲಿನ ಕವಚ, ಅಂಕಿ ಚಿಕ್ಕದಾದಷ್ಟು ಬೇಗ ಏಳುತ್ತೆ) ಹಾಕಿ, 0.86 ಬೇಡ.

ನನ್ನ ಓಟು 2560ಕ್ಕೆ. ವಾಟರ್‌ಫರ್ಡ್ ಒಂದೂವರೆ ಮೈಲಿಯ ಪುಟ್ಟ ಟ್ರ್ಯಾಕು. ತಿರುವಿನಿಂದ ಹೊರಬರೋವಾಗ 4000 ಆಸುಪಾಸು ಇರ್ತೀರಿ. ಅಲ್ಲಿ ಕಾಲಿಟ್ಟಾಗ ಏನು ಸಿಗುತ್ತೆ ಅನ್ನೋದನ್ನು ನೋಡಿ. ಡೈನೊ (ಪವರ್ ಅಳೆಯೋ ಯಂತ್ರ) ಹಾಳೆಯ ತುದಿಯ ಅಂಕಿ ಗೋಡೆಗೆ ಅಂಟಿಸೋಕೆ ಚೆಂದ, ಅಷ್ಟೇ.

ಡೆನ್ವರ್_ಮಾವ

ಭಟ್ರ ಲೆಕ್ಕ ಮಿಶಿಗನ್‌ಗೆ ಸರಿ. ನಮ್ಮ ಕಡೆಯವರು ಇದನ್ನು ಓದಿ ಹಾಗೇ ಆರ್ಡರ್ ಮಾಡಬೇಡಿ. ಡೆನ್ವರ್ 1600 ಮೀಟರ್ ಎತ್ತರದಲ್ಲಿದೆ. ಹೊರಗಿನ ಗಾಳಿಯ ಒತ್ತಡವೇ 12.2 ಪಿಎಸ್‌ಐ ಹತ್ತಿರ, ಸಮುದ್ರ ಮಟ್ಟದಲ್ಲಿ 14.7. ಭಟ್ರು ಹೇಳಿದ 25 ಪೌಂಡ್ ಗಾಳಿ ನಮಗೂ ಬೇಕು ಅಂದರೆ ಮೀಟರಿನಲ್ಲಿ 14 ಪಿಎಸ್‌ಐ ತೋರಿಸಬೇಕು. ಪ್ರೆಷರ್ ರೇಶಿಯೊ (ಒಳಗಿನ ಒತ್ತಡ ಹೊರಗಿನದರ ಎಷ್ಟು ಪಟ್ಟು ಅನ್ನೋದು) 1.8 ಇದ್ದಿದ್ದು 2.15ಕ್ಕೆ ಏರುತ್ತೆ. ಟರ್ಬೊ ಅಷ್ಟು ಜೋರಾಗಿ ತಿರುಗಬೇಕು. ಇಲ್ಲಿ 2554 ಲೆಕ್ಕಕ್ಕೇ ಇಲ್ಲ, 2860 ತಪ್ಪೂ ಅಲ್ಲ. ಮೇಲಿಂದ ನಮ್ಮ ಪ್ರೀಮಿಯಂ ಪೆಟ್ರೋಲ್ 91 ಆಕ್ಟೇನ್.

ನೋವಿ_ಎನ್‌ಬಿ

ಭಟ್ರೇ, ತುಂಬಾ ಉಪಕಾರ. ಒಂದು ಅನುಮಾನ. 2560 ಹಾಕಿದರೂ 3500ಕ್ಕೇ ಬೂಸ್ಟ್ ಬಂದು ಟಾರ್ಕ್ ಏರುತ್ತಲ್ಲ, ರಾಡ್ ಕಥೆ ಅಲ್ಲೂ ಅದೇ ಅಲ್ವಾ? ಇನ್ನೊಂದು, 2004ರಲ್ಲಿ ಮಜ್ದಾನೇ ಟರ್ಬೊ ಹಾಕಿ ಮಾರಿದ ಮಜ್ದಾಸ್ಪೀಡ್ ಇತ್ತಲ್ಲ. ಅದರ ಟರ್ಬೊ ಸೆಕೆಂಡ್‌ಹ್ಯಾಂಡ್ ಸಿಗುತ್ತಿದೆ, ಅಗ್ಗ. ತಗೊಳ್ಳಲಾ?

ಕಂಪ್ರೆಸರ್_ಭಟ್ಟ

ಮೊದಲನೇದು ಒಳ್ಳೆ ಪ್ರಶ್ನೆ. ಅದಕ್ಕೇ ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಟರ್ಬೈನ್ ಪಕ್ಕಕ್ಕೆ ಬಿಡೋ ಬಾಗಿಲು) ಸ್ಪ್ರಿಂಗ್ ಮೆದು ಇರಲಿ, 7 ಪಿಎಸ್‌ಐ ಹತ್ತಿರದ್ದು. ಬೂಸ್ಟ್ ಸ್ಪ್ರಿಂಗಿನ ಒತ್ತಡಕ್ಕಿಂತ ಕೆಳಗೆ ಇಳಿಸೋಕೆ ಯಾವ ಕಂಪ್ಯೂಟರಿಗೂ ಆಗಲ್ಲ, ಮೇಲೆ ಏರಿಸೋಕೆ ಆಗುತ್ತೆ. 4500ರ ತನಕ ಕಡಿಮೆ ಬೂಸ್ಟ್, ಆಮೇಲೆ ನಿಧಾನಕ್ಕೆ 12ಕ್ಕೆ. ಗಟ್ಟಿ ಸ್ಪ್ರಿಂಗ್ ಹಾಕಿಕೊಟ್ಟರೆ ಈ ಆಟ ಆಡೋಕೆ ಆಗಲ್ಲ. ಶಾಪಿನವರನ್ನು ಇದನ್ನು ಮೊದಲೇ ಕೇಳಿ.

ಮಜ್ದಾಸ್ಪೀಡ್‌ನದ್ದು ಐಎಚ್‌ಐ ಟರ್ಬೊ. ಮಜ್ದಾ ಅದರಲ್ಲಿ 178 ಎಚ್‌ಪಿ ತೆಗೆದು ಸುಮ್ನಾಯಿತು. ಕಾರಿಗೆ 6 ಗೇರ್ ಕೊಟ್ಟಿತು ಅನ್ನೋದನ್ನೂ ಗಮನಿಸಿ. ಅಷ್ಟೇ ಸಾಕು ಅನ್ನೋರಿಗೆ ಬಂಗಾರದಂಥ ಟರ್ಬೊ. ನಿಮ್ಮ 220ಕ್ಕೆ ಅಲ್ಲ.

ದುಡ್ಡು ಉಳಿಸೋದಾದರೆ ಟರ್ಬೊದಲ್ಲಿ ಬೇಡ, ಬೂಸ್ಟ್ ಮೀಟರಿನ ಅಲಂಕಾರದಲ್ಲಿ ಉಳಿಸಿ. ವೈಡ್‌ಬ್ಯಾಂಡ್ ಸೆನ್ಸರ್ (ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯೋದು), ಒಳ್ಳೆ ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರ್, ಇವು ಬೇಕೇ ಬೇಕು. ಟ್ರ್ಯಾಕಿಗೆ ಹೋಗೋರಾದ್ದರಿಂದ ಕೂಲಂಟ್ ರೀರೂಟ್ (ಎಂಜಿನ್ ತಂಪು ಮಾಡೋ ನೀರಿನ ದಾರಿ ಬದಲಿಸೋದು) ಕೂಡ. ಈ ಎಂಜಿನ್ ಮೂಲದಲ್ಲಿ ಅಡ್ಡಡ್ಡ ಕೂರಿಸೋ ಕಾರುಗಳದ್ದು. ಮಿಯಾಟಾದಲ್ಲಿ ನೀರು ಮುಂದಿನಿಂದಲೇ ಹೊರಗೆ ಹೋಗುತ್ತೆ, ಹಿಂದಿನ ನಾಲ್ಕನೇ ಸಿಲಿಂಡರ್ ಬೇಯುತ್ತೆ.

ಜಯನಗರ_ಜಿಟಿ

ಬೆಂಗಳೂರಿನಿಂದ ಓದುತ್ತಿದ್ದೇನೆ. ಮಿಯಾಟಾ ನಮ್ಮಲ್ಲಿ ಮಾರಾಟಕ್ಕೇ ಬರಲಿಲ್ಲ, ಹೊಟ್ಟೆ ಉರಿಯುತ್ತೆ. ನನ್ನದು ಪೋಲೊ 1.0 ಟಿಎಸ್‌ಐ. 1750ಕ್ಕೇ 175 ನ್ಯೂಟನ್-ಮೀಟರ್ ಪೂರ್ತಿ ಬರುತ್ತೆ, 5000 ದಾಟಿದ ಮೇಲೆ ಉಸಿರು ಕಟ್ಟುತ್ತೆ. ಇದಕ್ಕೂ ದೊಡ್ಡ ಟರ್ಬೊ ಹಾಕಿದರೆ ಹೇಗೆ?

ಕಂಪ್ರೆಸರ್_ಭಟ್ಟ

ಹಾಕಿದರೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬೂಸ್ಟೇ ಇಲ್ಲದೆ ಒಂದು ಲೀಟರ್ ಕಾರು ಓಡಿಸ್ತಾ ಇರ್ತೀರಿ. ಕಂಪನಿ ನಿಮ್ಮ ಟ್ರಾಫಿಕ್ ನೋಡಿಯೇ ಚಿಕ್ಕದು ಇಟ್ಟಿದೆ. ಎಂಜಿನ್ ಬದಲಾವಣೆಗೆ ಆರ್‌ಟಿಒ ಕಾಟ ಬೇರೆ. ಬಿಟ್ಟುಬಿಡಿ.

ನೋವಿ_ಎನ್‌ಬಿ

ಶಾಪಿಗೆ ಫೋನ್ ಮಾಡಿದೆ. ಸ್ಪ್ರಿಂಗ್ 12 ಪಿಎಸ್‌ಐಯದ್ದೇ ಹಾಕೋದಂತೆ! 7ರದ್ದು ಕೇಳಿದ್ದಕ್ಕೆ 'ಯಾಕೆ?' ಅಂದರು. 2560 ಬೇರೆ ಕಡೆ ಆರ್ಡರ್ ಮಾಡಿದೆ. ಟರ್ಬೊ ಕಂಪನಕ್ಕೆ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ತರುವ ಕೊಳವೆ) ನಟ್ಟು ಸಡಿಲ ಆಗುತ್ತೆ ಅಂತ ಕೇಳಿದ್ದೇನೆ, ನಿಜವಾ?

ಕಂಪ್ರೆಸರ್_ಭಟ್ಟ

ನಿಜ. ಕೆಂಪಗೆ ಕಾದು ತಣ್ಣಗಾಗಿ ಮಾಮೂಲಿ ಸ್ಟಡ್ ಹಿಗ್ಗಿಬಿಡುತ್ತೆ. ಇಂಕೊನೆಲ್ (ಶಾಖ ತಡೆಯೋ ಮಿಶ್ರಲೋಹ) ಸ್ಟಡ್ ಮತ್ತು ಲಾಕ್ ಆಗೋ ನಟ್ಟು ಈಗಲೇ ತರಿಸಿ. ಎಲ್ಲ ಜೋಡಿಸಿದ ಮೇಲೆ ಅಲ್ಲಿಗೆ ಸ್ಪ್ಯಾನರ್ ಹೋಗಲ್ಲ.